ಕಲೆ ಹಿಡಿಯದ ಬಟ್ಟೆ, ಅಪಾಯದ ರಾಸಾಯನಿಕ ಇಲ್ಲದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಹತ್ತು ತಿಂಗಳಾಗಿದ್ದಾಗ ಹಲ್ಲು ಬರುತ್ತಿತ್ತು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಿದ್ದಳು. ಅದರಲ್ಲೂ ಸೋಫಾದ ಕೈ ಅಂದ್ರೆ ಅವಳಿಗೆ ಬಲು ಇಷ್ಟ. ಒಂದು ದಿನ ಅವಳು ಚೀಪಿ ಬಿಟ್ಟ ಜಾಗವನ್ನು ಬಗ್ಗಿ ನೋಡಿದೆ. ಜೊಲ್ಲು ಬಟ್ಟೆಯೊಳಗೆ ಇಳಿದೇ ಇರಲಿಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಮಣಿಮಣಿಯಾಗಿ ನಿಂತಿತ್ತು. ಸೋಫಾದ ಅಡಿಯ ಚೀಟಿಯಲ್ಲಿ 'ಕಲೆ ಹಿಡಿಯುವುದಿಲ್ಲ' ಎಂದು ಮಾತ್ರ ಇತ್ತು. ಏನು ಹಚ್ಚಿದ್ದೀರಿ ಅಂತ ಮಾರಿದವರನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಅಲ್ಲಿಂದ ಶುರುವಾದ ಹುಡುಕಾಟ ಇದು. ನಾನು ಓದಿ ತಿಳಿದದ್ದನ್ನು, ಬಟ್ಟೆ ಫಿನಿಷಿಂಗ್ (ನೇಯ್ದ ಬಟ್ಟೆಗೆ ಕೊನೆಯಲ್ಲಿ ಲೇಪ ಹಚ್ಚುವ) ಕೆಲಸ ಬಲ್ಲವರನ್ನು ಕೇಳಿ ತಿಳಿದದ್ದನ್ನು, ಜನ ನನ್ನನ್ನು ಕೇಳುವ ಪ್ರಶ್ನೆಗಳ ಜೊತೆಗೇ ಇಲ್ಲಿ ಇಟ್ಟಿದ್ದೇನೆ.

ಕಲೆ ಹಿಡಿಯದ ಬಟ್ಟೆಗೆ ಅಷ್ಟಕ್ಕೂ ಏನು ಹಚ್ಚುತ್ತಾರೆ?

ದಶಕಗಳ ಕಾಲ ಹಚ್ಚುತ್ತಾ ಬಂದದ್ದು ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳನ್ನು. 'ಪಿಫಾಸ್' ಅಂತ ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಈ ಗುಂಪಿನಲ್ಲಿ ಸಾವಿರಾರು ರಾಸಾಯನಿಕಗಳಿವೆ. ಎಲ್ಲದರಲ್ಲೂ ಇಂಗಾಲ ಮತ್ತು ಫ್ಲೋರಿನ್ ಕೈ ಹಿಡಿದುಕೊಂಡಿರುತ್ತವೆ. ಬಟ್ಟೆಯ ಮೇಲೆ ಇದು ಕೂರುವ ರೀತಿ ಹೀಗೆ: ಎಳೆಯ ಸುತ್ತ ತೆಳುವಾದ ಅಕ್ರಿಲಿಕ್ ಪದರ, ಅದರಿಂದ ಬ್ರಷ್ಷಿನ ಕೂದಲುಗಳ ಹಾಗೆ ಹೊರಕ್ಕೆ ಚಾಚಿದ ಫ್ಲೋರಿನ್ ಸರಪಳಿಗಳು. ಆ ಕೂದಲುಗಳ ತುದಿಗೆ ನೀರೂ ಅಂಟುವುದಿಲ್ಲ, ಎಣ್ಣೆಯೂ ಅಂಟುವುದಿಲ್ಲ.

ಇದು ಸಿಕ್ಕಿದ್ದೇ ಆಕಸ್ಮಿಕವಾಗಿ. 1953ರಲ್ಲಿ ಅಮೆರಿಕದ 3ಎಂ ಕಂಪನಿಯ ಪ್ರಯೋಗಾಲಯದಲ್ಲಿ ಪ್ಯಾಟ್ಸಿ ಶೆರ್ಮನ್ ಜೆಟ್ ವಿಮಾನದ ಇಂಧನಕ್ಕೆ ತಡೆಯುವ ರಬ್ಬರ್ ಮಾಡುವ ಪ್ರಯತ್ನದಲ್ಲಿದ್ದರು. ಸಹಾಯಕಿಯೊಬ್ಬರ ಬಟ್ಟೆಯ ಶೂ ಮೇಲೆ ಆ ದ್ರವ ಚೆಲ್ಲಿತು. ಏನು ಹಾಕಿ ತೊಳೆದರೂ ಹೋಗಲಿಲ್ಲ. ದಿನ ಕಳೆದ ಹಾಗೆ ಶೂ ಕೊಳೆಯಾಯಿತು, ಚೆಲ್ಲಿದ ಜಾಗ ಮಾತ್ರ ಶುಭ್ರವಾಗಿಯೇ ಉಳಿಯಿತು. ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಅದನ್ನೇ ಬೆಳೆಸಿದರು. 1956ರಲ್ಲಿ ಅದು ಸ್ಕಾಚ್‌ಗಾರ್ಡ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು.

ಏನು ಮಾಡಿದರೂ ಹೋಗುವುದಿಲ್ಲ ಎಂಬ ಆ ಗುಣವೇ ಈಗ ನಮ್ಮ ತಲೆನೋವು. ಇಂಗಾಲ-ಫ್ಲೋರಿನ್ ಕೊಂಡಿಯನ್ನು ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಸುಲಭವಾಗಿ ಮುರಿಯಲಾರವು. ಹಾಗಾಗಿ ಇವಕ್ಕೆ 'ಫಾರೆವರ್ ಕೆಮಿಕಲ್ಸ್' ಎಂಬ ಹೆಸರು ಬಂತು.

ಬಟ್ಟೆ ಮೇಲಿರುವುದು ಮೈಯೊಳಗೆ ಹೇಗೆ ಬರುತ್ತದೆ?

ಮುಖ್ಯವಾಗಿ ಧೂಳಿನ ಮೂಲಕ. ಕೂತು ಎದ್ದು ಮಾಡುವಾಗ ಬಟ್ಟೆ ಸವೆಯುತ್ತದೆ. ಸವೆದ ಚೂರು ಮನೆಯ ಧೂಳಿಗೆ ಸೇರುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಗು ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ಮೈ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಮಕ್ಕಳ ಹೊಟ್ಟೆಗೆ ಧೂಳು ಜಾಸ್ತಿ ಹೋಗುತ್ತದೆ.

ಆದರೆ ಮನೆಯೊಳಗಿನ ಧೂಳು ಕಥೆಯ ಒಂದು ತುಂಡು ಅಷ್ಟೇ. ಬಟ್ಟೆಗೆ ಇದನ್ನು ಹಚ್ಚುವ ಕಾರ್ಖಾನೆಯ ಕೊಳಚೆ ನೀರು ಹೊಳೆಗೆ ಹೋಗುತ್ತದೆ. ಮನೆಯಲ್ಲಿ ಒಗೆದ ನೀರೂ ಅಲ್ಲಿಗೇ. ಸಾಮಾನ್ಯ ಶುದ್ಧೀಕರಣ ಘಟಕ ಇವನ್ನು ನಾಶ ಮಾಡುವುದಿಲ್ಲ. ಕೊನೆಗೆ ಕುಡಿಯುವ ನೀರು, ಮೀನು, ಬೆಳೆಯ ಮೂಲಕ ಅದು ನಮ್ಮ ತಟ್ಟೆಗೇ ವಾಪಸ್ ಬರುತ್ತದೆ. ಆ ಸೋಫಾವನ್ನು ಕಣ್ಣಲ್ಲೂ ನೋಡದವರು ಅದರ ಪಾಲು ಉಣ್ಣುತ್ತಾರೆ. ನನಗೆ ಹೆಚ್ಚು ಸಂಕಟ ಆಗುವುದು ಇದಕ್ಕೇ.

ಆರೋಗ್ಯಕ್ಕೆ ನಿಜವಾಗಿಯೂ ತೊಂದರೆ ಇದೆಯಾ? ಸುಮ್ನೆ ಹೆದರಿಸುತ್ತಿದ್ದಾರಾ?

ಇದೆ. ಈ ಗುಂಪಿನಲ್ಲಿ ಹೆಚ್ಚು ಅಧ್ಯಯನವಾದದ್ದು ಪಿಎಫ್‌ಒಎ ಮತ್ತು ಪಿಎಫ್‌ಒಎಸ್ ಎಂಬ ಎರಡು ರಾಸಾಯನಿಕಗಳು. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಹತ್ತಿರ ಡ್ಯೂಪಾಂಟ್ ಕಾರ್ಖಾನೆಯ ಪಿಎಫ್‌ಒಎ ಸುತ್ತಲಿನ ಊರುಗಳ ಕುಡಿಯುವ ನೀರಿಗೆ ಸೇರಿತ್ತು. ಅಲ್ಲಿನ ಸುಮಾರು 69,000 ಜನರ ರಕ್ತ ಮತ್ತು ಆರೋಗ್ಯದ ಮಾಹಿತಿ ಸಂಗ್ರಹಿಸಿದರು. ಕೋರ್ಟ್ ಒಪ್ಪಂದದಂತೆ ನೇಮಿಸಿದ ವಿಜ್ಞಾನಿಗಳ ಸಮಿತಿ ಆರು ಕಾಯಿಲೆಗಳ ಜೊತೆ ಇದರ ನಂಟು ಇರುವ ಸಂಭವ ಹೆಚ್ಚು ಎಂದು ತೀರ್ಮಾನಿಸಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಕರುಳಿನ ಹುಣ್ಣಿನ ಉರಿಯೂತ, ಹೆಚ್ಚಿದ ಕೊಲೆಸ್ಟ್ರಾಲ್, ಬಸುರಿನಲ್ಲಿ ಏರುವ ರಕ್ತದೊತ್ತಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ಪಿಎಫ್‌ಒಎ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಪಿಎಫ್‌ಒಎಸ್ ಅನ್ನು 'ತರಬಹುದಾದ' ವಸ್ತುಗಳ ಪಟ್ಟಿಗೆ ಹಾಕಿತು.

ಹಾಗಂತ ಸೋಫಾ ಮೇಲೆ ಕೂತವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಅರ್ಥ ಅಲ್ಲ. ಪಾರ್ಕರ್ಸ್‌ಬರ್ಗ್ ಜನ ವರ್ಷಗಟ್ಟಲೆ ಆ ನೀರು ಕುಡಿದಿದ್ದರು. ಆದರೆ ಈ ರಾಸಾಯನಿಕಗಳು ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಇರುವುದು ಅರ್ಧಕ್ಕೆ ಇಳಿಯಲು ಹಲವು ವರ್ಷಗಳೇ ಬೇಕು. ಅಷ್ಟರಲ್ಲಿ ಹೊಸದು ಸೇರುತ್ತಲೇ ಇರುತ್ತದೆ.

ಹಳೆಯದನ್ನು ಬಿಟ್ಟು 'ಸಿ6' ಬಳಸುತ್ತಿದ್ದಾರಂತಲ್ಲ, ಅದು ಪರವಾಗಿಲ್ವಾ?

ಇಲ್ಲ. ಮೊದಲು ಇದ್ದದ್ದು ಎಂಟು ಇಂಗಾಲದ ಸರಪಳಿ, ಸಿ8. 2000ನೇ ಇಸವಿಯಲ್ಲಿ 3ಎಂ ಆ ರಾಸಾಯನಿಕದಿಂದ ಹಿಂದೆ ಸರಿಯುವುದಾಗಿ ಹೇಳಿತು. ಆಮೇಲೆ ಆರು ಇಂಗಾಲದ್ದು ಬಂತು, ನಾಲ್ಕು ಇಂಗಾಲದ್ದು ಬಂತು. ಅಣ್ಣನನ್ನು ಮನೆಯಿಂದ ಕಳಿಸಿ ತಮ್ಮನನ್ನು ಕರೆದ ಹಾಗೆ. ಗಿಡ್ಡ ಸರಪಳಿಗಳು ಮೈಯಿಂದ ಸಾಮಾನ್ಯವಾಗಿ ಬೇಗ ಹೋಗುತ್ತವೆ, ಅದು ನಿಜ. ಆದರೆ ಪರಿಸರದಲ್ಲಿ ಅವೂ ಕರಗಿ ಹೋಗುವುದಿಲ್ಲ. ನೀರಿನಲ್ಲಿ ಇನ್ನೂ ಸಲೀಸಾಗಿ ಹರಿಯುತ್ತವೆ, ಗಿಡಗಳೊಳಗೆ ಸೇರುತ್ತವೆ, ಇದ್ದಿಲ ಫಿಲ್ಟರಿನಲ್ಲಿ ಸರಿಯಾಗಿ ಸಿಕ್ಕಿಬೀಳುವುದಿಲ್ಲ. ಬದಲಿ ಅಂದ್ರೆ ಫ್ಲೋರಿನ್ ಕುಟುಂಬವನ್ನೇ ಬಿಟ್ಟು ಹೊರಗೆ ಬರಬೇಕು.

ಹಾಗಾದರೆ ನಿಜವಾದ ಬದಲಿ ಯಾವುದು?

ಇದಕ್ಕೆ ಉತ್ತರ ಹುಡುಕುವ ಮೊದಲು, ಆ ಬಟ್ಟೆಯಿಂದ ನಮಗೆ ಏನು ಬೇಕು ಅಂತ ಕೇಳಿಕೊಳ್ಳಬೇಕು. 'ಕಲೆ' ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ. ನೀರಿನ ಕಲೆ ಬೇರೆ, ಎಣ್ಣೆಯ ಕಲೆ ಬೇರೆ.

ಒಂದು ಹನಿ ಹನಿಯಾಗಿಯೇ ನಿಲ್ಲಬೇಕಾದರೆ, ಅದರ ಮೇಲ್ಮೈ ಎಳೆತ (ಹನಿಯನ್ನು ಗುಂಡಗೆ ಹಿಡಿದಿಡುವ ಬಲ) ಬಟ್ಟೆಯ ಸೆಳೆತಕ್ಕಿಂತ ಚೆನ್ನಾಗಿ ಜಾಸ್ತಿ ಇರಬೇಕು. ನೀರಿನ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅಡುಗೆ ಎಣ್ಣೆಯದ್ದು ಸುಮಾರು 32. ಇನ್ನೂ ತೆಳುವಾದ ಎಣ್ಣೆಗಳದ್ದು 20ರ ಹತ್ತಿರ. ಈಗ ಬಟ್ಟೆಯ ಕಡೆ ನೋಡಿ. ಮೇಣ ಅಥವಾ ಸಿಲಿಕೋನ್ ಹಚ್ಚಿದ ಮೇಲ್ಮೈಯ ಸೆಳೆತ 20ರಿಂದ 30ರೊಳಗೆ. ಫ್ಲೋರಿನ್ ಹಚ್ಚಿದರೆ ಹತ್ತಕ್ಕೂ ಕೆಳಗೆ ಇಳಿಯಬಲ್ಲದು.

72ರ ಎದುರು 25 ಧಾರಾಳವಾಗಿ ಸಾಕು. ಅಂದ್ರೆ ನೀರನ್ನು ತಡೆಯಲು ಮೇಣವೋ ಸಿಲಿಕೋನೋ ಇದ್ದರೆ ಆಯಿತು. ಕಾಫಿ, ಟೀ, ಹಣ್ಣಿನ ರಸ, ಮಳೆ, ಮಗುವಿನ ಜೊಲ್ಲು, ಎಲ್ಲವೂ ಹೆಚ್ಚುಕಡಿಮೆ ನೀರೇ ತಾನೇ? ಆದರೆ 32ರ ಎದುರು 25 ಸಾಲದು. ಎಣ್ಣೆ ನಿಧಾನಕ್ಕೆ ಎಳೆಗಳ ನಡುವೆ ಇಳಿಯುತ್ತದೆ. ಎಣ್ಣೆಯನ್ನು ಹನಿಯಾಗಿ ನಿಲ್ಲಿಸುವ ಕೆಲಸದಲ್ಲಿ ಫ್ಲೋರಿನ್‌ಗೆ ಸಾಟಿ ಇಲ್ಲ. ಅದನ್ನು ಮುಚ್ಚಿಟ್ಟು ಮಾರುವವರ ಮೇಲೆ ಜನರ ನಂಬಿಕೆ ಹೋಗುತ್ತದೆ, ಒಳ್ಳೆಯ ಬದಲಿಗೂ ಕೆಟ್ಟ ಹೆಸರು ಬರುತ್ತದೆ.

ನೀರು ತಡೆಯಲು ಈಗ ಬಳಕೆಯಲ್ಲಿರುವ ಫ್ಲೋರಿನ್ ಇಲ್ಲದ ದಾರಿಗಳು ಹಲವು. ಪ್ಯಾರಾಫಿನ್ ಮೇಣ ಎಲ್ಲಕ್ಕಿಂತ ಹಳೆಯದು, ಅಗ್ಗದ್ದು. ಆದರೆ ಒಗೆತಕ್ಕೆ ಬೇಗ ಸೋಲುತ್ತದೆ. ಸಿಲಿಕೋನ್ ಬಟ್ಟೆಯನ್ನು ಮೃದುವಾಗಿಡುತ್ತದೆ. ಮರದ ಕೊಂಬೆಗಳ ಹಾಗೆ ಕವಲೊಡೆದ ದೊಡ್ಡ ಅಣುಗಳಿವೆ, ಡೆಂಡ್ರಿಮರ್ ಅಂತ ಹೆಸರು. ಕೊಂಬೆಯ ತುದಿಯಲ್ಲಿ ಫ್ಲೋರಿನ್ ಬದಲು ಕೊಬ್ಬಿನಂಥ ಇಂಗಾಲದ ಸರಪಳಿ ಇರುತ್ತದೆ. ಅಕ್ರಿಲಿಕ್ ಮತ್ತು ಪಾಲಿಯುರೆಥೇನ್ ಆಧಾರದ್ದೂ ಇವೆ. ಗಿಡದ ಎಣ್ಣೆ, ಗಿಡದ ಮೇಣದಿಂದ ಮಾಡಿದವೂ ಬಂದಿವೆ.

ಎಣ್ಣೆ ಕಲೆಗೆ ಏನೂ ಮಾಡೋಕಾಗಲ್ವಾ?

ಆಗುತ್ತದೆ, ದಾರಿ ಬೇರೆ. ಕಲೆ ಬರದ ಹಾಗೆ ತಡೆಯುವ ಬದಲು, ಬಂದ ಕಲೆ ಒಗೆದಾಗ ಸುಲಭವಾಗಿ ಬಿಟ್ಟು ಹೋಗುವ ಹಾಗೆ ಮಾಡುವುದು. ಇದಕ್ಕೆ ನೀರನ್ನು ಪ್ರೀತಿಸುವ ಒಂದು ಪದರ ಹಚ್ಚುತ್ತಾರೆ. ಬಟ್ಟೆ ನೀರಿಗೆ ಹಾಕಿದ ಕೂಡಲೇ ಆ ಪದರ ಉಬ್ಬುತ್ತದೆ. ಸೋಪಿನ ನೀರು ಎಳೆ ಮತ್ತು ಎಣ್ಣೆಯ ನಡುವೆ ನುಗ್ಗಿ ಎಣ್ಣೆಯನ್ನು ಎತ್ತಿ ಬಿಡಿಸುತ್ತದೆ. ಅಂಗಿ, ಪ್ಯಾಂಟು, ಮೇಜಿನ ಹೊದಿಕೆ, ಸಮವಸ್ತ್ರ, ಹೀಗೆ ಪದೇ ಪದೇ ಒಗೆಯುವ ಬಟ್ಟೆಗೆ ಇದೇ ಸರಿ. ಅಷ್ಟಕ್ಕೂ ಒಗೆಯುವ ಬಟ್ಟೆಗೆ ಕಲೆಯೇ ಹಿಡಿಯಬಾರದು ಅಂತ ಹಠ ಯಾಕೆ?

ನೈಲಾನ್ ಕಾರ್ಪೆಟ್ಟಿಗೆ ಇನ್ನೊಂದು ಉಪಾಯ ಇದೆ. ನೈಲಾನ್‌ನಲ್ಲಿ ಬಣ್ಣ ಕೂರುವ ಜಾಗಗಳು ಖಾಲಿ ಉಳಿದಿದ್ದರೆ ತಂಪು ಪಾನೀಯದ ಕೆಂಪು ಬಣ್ಣ ಅಲ್ಲಿ ಹೋಗಿ ಕೂತುಬಿಡುತ್ತದೆ. ಆ ಸೀಟುಗಳನ್ನು ಮೊದಲೇ ಬೇರೆ ವಸ್ತುವಿನಿಂದ ತುಂಬಿಸಿದರೆ ಕಲೆಗೆ ಜಾಗವೇ ಇರುವುದಿಲ್ಲ.

ಏನೂ ಹಚ್ಚದೇ ಇದ್ದರೆ?

ನನ್ನನ್ನು ಕೇಳಿದರೆ ಬಹಳಷ್ಟು ಕಡೆ ಇದೇ ಒಳ್ಳೆಯದು. ಉಣ್ಣೆಯ ಎಳೆಯ ಹೊರಪದರ ಹುಟ್ಟಿನಿಂದಲೇ ಸ್ವಲ್ಪ ಹೊತ್ತು ನೀರನ್ನು ತಡೆಯುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲು ನೀರನ್ನು ಹೀರುವುದೇ ಇಲ್ಲ, ಕಾಫಿ ಟೀ ಬಣ್ಣ ಅದಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ಎಣ್ಣೆ ಮಾತ್ರ ಹಿಡಿಯುತ್ತದೆ. ಎಳೆ ತೆಗೆಯುವಾಗಲೇ ಒಳಗೆ ಬಣ್ಣ ಬೆರೆಸಿದ ನೂಲಾದರೆ ಗಟ್ಟಿ ಸೋಪಿನಲ್ಲಿ ತಿಕ್ಕಿದರೂ ಬಣ್ಣ ಹೋಗುವುದಿಲ್ಲ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹನಿ ಇಳಿಯಲು ಹೊತ್ತು ಬೇಕು. ಗಾಢ ಬಣ್ಣ, ಚುಕ್ಕಿ, ಬೆರಕೆ ನೂಲು ಇದ್ದರೆ ಸಣ್ಣ ಕಲೆ ಕಣ್ಣಿಗೇ ಬೀಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಉಪಕಾರ ಜಿಪ್ ಇರುವ ಹೊದಿಕೆ: ಬಿಚ್ಚು, ಒಗೆ, ಹಾಕು.

ಸೋಫಾ ಬಟ್ಟೆಗಳ ಮೇಲೆ 2023ರಲ್ಲಿ ಒಂದು ಪರೀಕ್ಷೆ ಪ್ರಕಟವಾಯಿತು. ಪಿಫಾಸ್ ಹಚ್ಚಿದ ಮತ್ತು ಹಚ್ಚದ ಬಟ್ಟೆಗಳ ಮೇಲೆ ಕಾಫಿಯನ್ನೂ ಎಣ್ಣೆ ಬೆರೆತ ದ್ರವವನ್ನೂ ಹಾಕಿ ನೋಡಿದರು. ಬಳಸಿದ ಹಾಗೆ ಬಟ್ಟೆಯನ್ನು ಉಜ್ಜಿ ಸವೆಸಿದ ಮೇಲೆ ಎಣ್ಣೆಯನ್ನು ತಡೆಯುವ ಶಕ್ತಿ ಹೋಗಿತ್ತು. ಬಟ್ಟೆಯ ಜಾತಿಯೂ ಕಲೆಯ ಜಾತಿಯೂ ಹೆಚ್ಚು ಮುಖ್ಯ ಅಂತ ಗೊತ್ತಾಯಿತು. ಎಣ್ಣೆಗಾಗಿಯೇ ಅಲ್ವಾ ಫ್ಲೋರಿನ್ ಬೇಕು ಅಂದಿದ್ದು? ದಿನಾ ಕೂರುವ ಸೋಫಾದಲ್ಲಿ ಅದೂ ನಿಲ್ಲುವುದಿಲ್ಲ.

ಈ ಬದಲಿಗಳು ಪೂರ್ತಿ ಸುರಕ್ಷಿತವಾ?

ಫ್ಲೋರಿನ್ ಇಲ್ಲ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಒಪ್ಪಬಾರದು. ಸಿಲಿಕೋನ್ ತಯಾರಿಕೆಯಲ್ಲಿ ಡಿ4, ಡಿ5, ಡಿ6 ಎಂಬ ಉಂಗುರದ ಆಕಾರದ ಅಣುಗಳು ಸ್ವಲ್ಪ ಉಳಿದಿರುತ್ತವೆ. ಇವು ಕಳವಳದ ವಸ್ತುಗಳು ಎಂದು ಯುರೋಪ್ 2018ರಲ್ಲೇ ಪಟ್ಟಿ ಮಾಡಿದೆ. ಮೇಣವನ್ನು ಬಟ್ಟೆಗೆ ಭದ್ರವಾಗಿ ಕೂರಿಸಲು ಮೆಲಮಿನ್ ರಾಳ ಬಳಸಿದರೆ ಅದರಿಂದ ಫಾರ್ಮಾಲ್ಡಿಹೈಡ್ ಎಂಬ ಅಪಾಯಕಾರಿ ಅನಿಲ ಹೊರಬರಬಹುದು. ಒಗೆತಕ್ಕೆ ತಡೆಯಲಿ ಅಂತ ಐಸೊಸಯನೇಟ್ ಎಂಬ ಬೆಸೆಯುವ ರಾಸಾಯನಿಕ ಸೇರಿಸಿದರೆ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಉಸಿರಾಟಕ್ಕೆ ಅಪಾಯ. ಬಟ್ಟೆ ತೊಡುವವರ ಬಗ್ಗೆ ಎಲ್ಲರೂ ಕೇಳುತ್ತಾರೆ, ಹಚ್ಚುವವರ ಬಗ್ಗೆ ಯಾರೂ ಕೇಳುವುದಿಲ್ಲ. ದಯವಿಟ್ಟು ಕೇಳಿ.

ಇಷ್ಟಿದ್ದರೂ ಪಿಫಾಸ್‌ಗೂ ಇವಕ್ಕೂ ಒಂದು ವ್ಯತ್ಯಾಸ ಇದೆ. ಈ ತೊಂದರೆಗಳಲ್ಲಿ ಹೆಚ್ಚಿನವನ್ನು ಒಳ್ಳೆಯ ತಯಾರಿಕೆಯಿಂದ ಕಡಿಮೆ ಮಾಡಬಹುದು: ಡಿ4, ಡಿ5 ತೆಗೆದ ಸಿಲಿಕೋನ್, ಫಾರ್ಮಾಲ್ಡಿಹೈಡ್ ಇಲ್ಲದ ರಾಳ, ಗಾಳಿ ಎಳೆಯುವ ವ್ಯವಸ್ಥೆ. ಫ್ಲೋರಿನ್ ಸರಪಳಿಯ ಹಟಮಾರಿತನವನ್ನು ಹೀಗೆ ತೆಗೆಯಲಾಗದು, ಅದರ ಕೆಲಸವೇ ಅದು.

ನಮ್ಮ ಮನೆಯ ಬಟ್ಟೆಯಲ್ಲಿ ಇದೆಯಾ ಅಂತ ತಿಳಿಯೋದು ಹೇಗೆ?

ಮನೆಯಲ್ಲೇ ಒಂದು ಅಂದಾಜು ಪರೀಕ್ಷೆ ಮಾಡಬಹುದು. ಕಣ್ಣಿಗೆ ಕಾಣದ ಜಾಗ ಆರಿಸಿ, ಒಳಮಡಿಕೆಯೋ ಸೋಫಾದ ಹಿಂಬದಿಯೋ. ಒಂದು ಹನಿ ನೀರು, ಪಕ್ಕದಲ್ಲಿ ಒಂದು ಹನಿ ಅಡುಗೆ ಎಣ್ಣೆ ಹಾಕಿ. ಐದು ನಿಮಿಷ ಕಾಯಿರಿ. ನೀರು ನಿಂತು, ಎಣ್ಣೆಯ ಅಂಚು ಕಪ್ಪಾಗುತ್ತಾ ಒಳಗೆ ಇಳಿದರೆ ಬಹುಶಃ ಮೇಣವೋ ಸಿಲಿಕೋನೋ ಇದೆ. ಎಣ್ಣೆಯೂ ಗುಂಡಗೆ ನಿಂತು, ಟಿಶ್ಯೂ ತಾಗಿಸಿದ ಕೂಡಲೇ ಗುರುತು ಉಳಿಯದೆ ಎದ್ದು ಬಂದರೆ ಫ್ಲೋರಿನ್ ಇರುವ ಸಂಭವ ಬಹಳ. ನಮ್ಮ ಸೋಫಾದ ಮೇಲೆ ಎರಡೂ ಹನಿ ಅಕ್ಕಪಕ್ಕ ಗಾಜಿನ ಗೋಲಿಗಳ ಹಾಗೆ ನಿಂತಿದ್ದವು. ಬಟ್ಟೆ ಹಳೆಯದಾಗಿ ಸವೆದಿದ್ದರೆ ಈ ಪರೀಕ್ಷೆ ನಂಬುವ ಹಾಗಿಲ್ಲ.

ಖಚಿತವಾಗಿ ಬೇಕೆಂದರೆ ಪ್ರಯೋಗಾಲಯಕ್ಕೇ ಹೋಗಬೇಕು. ಅಲ್ಲಿ ಬಟ್ಟೆಯ ಚೂರನ್ನು ಸುಟ್ಟು ಒಟ್ಟು ಎಷ್ಟು ಫ್ಲೋರಿನ್ ಇದೆ ಎಂದು ಅಳೆಯುತ್ತಾರೆ. ಒಂದೊಂದೇ ರಾಸಾಯನಿಕವನ್ನು ಹುಡುಕುವ ಪರೀಕ್ಷೆಯಲ್ಲಿ ಪಟ್ಟಿಯಲ್ಲಿಲ್ಲದ್ದು ತಪ್ಪಿಸಿಕೊಳ್ಳುತ್ತದೆ. ಒಟ್ಟು ಫ್ಲೋರಿನ್ ಅಳತೆಯಲ್ಲಿ ಆ ಆಟ ನಡೆಯುವುದಿಲ್ಲ.

ಕೊಳ್ಳುವಾಗ ಲೇಬಲ್ ಮೇಲೆ ಏನು ನೋಡಬೇಕು?

'ಪಿಎಫ್‌ಒಎ ಇಲ್ಲ', 'ಸಿ8 ಇಲ್ಲ' ಎಂದಿದ್ದರೆ ಸಮಾಧಾನ ಪಡಬೇಡಿ. ಆ ಒಂದು ಇಲ್ಲ ಎಂದಷ್ಟೇ ಅರ್ಥ, ಸಿ6 ಇರಬಹುದು. 'ಪಿಎಫ್‌ಎಎಸ್ ಇಲ್ಲ' ಅಥವಾ 'ಫ್ಲೋರಿನ್ ಇಲ್ಲ' ಎಂಬ ಮಾತು ಬೇಕು. ಬಟ್ಟೆ ಪರೀಕ್ಷಿಸಿ ಕೊಡುವ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಮುದ್ರೆ 2024ರಿಂದ ಪಿಫಾಸ್ ಬಳಕೆಯನ್ನು ನಿಷೇಧಿಸಿದೆ, ಒಟ್ಟು ಫ್ಲೋರಿನ್‌ಗೆ ಕಿಲೋಗೆ 100 ಮಿಲಿಗ್ರಾಂ ಮಿತಿ ಇಟ್ಟಿದೆ. ಬಾಯಿಮಾತಿನ ಭರವಸೆಗಿಂತ ಇದು ಮೇಲು. ಏನೂ ಬರೆದಿಲ್ಲವಾದರೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಕಾನೂನು ಏನು ಹೇಳುತ್ತದೆ?

ಬೇಗ ನಾಶವಾಗದ ರಾಸಾಯನಿಕಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲಿ ಪಿಎಫ್‌ಒಎಸ್, 2019ರಲ್ಲಿ ಪಿಎಫ್‌ಒಎ, 2022ರಲ್ಲಿ ಇದೇ ಗುಂಪಿನ ಪಿಎಫ್‌ಎಚ್‌ಎಕ್ಸ್‌ಎಸ್ ಸೇರಿದವು. ಹೀಗೆ ಒಂದೊಂದೇ ನಿಷೇಧಿಸುತ್ತಾ ಹೋದರೆ ಸಾವಿರಾರು ಮುಗಿಯುವುದು ಯಾವಾಗ? ಅದಕ್ಕೇ ಇತ್ತೀಚಿನ ಕಾನೂನುಗಳು ಇಡೀ ಗುಂಪಿಗೇ ಕೈ ಹಾಕಿವೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಬಟ್ಟೆಗಳಲ್ಲಿ ಬೇಕೆಂದೇ ಹಾಕಿದ ಪಿಫಾಸ್‌ಗೆ ನಿಷೇಧ. ಒಟ್ಟು ಸಾವಯವ ಫ್ಲೋರಿನ್ ಹತ್ತು ಲಕ್ಷ ಭಾಗದಲ್ಲಿ 100 ಭಾಗ ಮೀರಬಾರದು, 2027ರಿಂದ ಅದು 50. ಫ್ರಾನ್ಸ್ ತನ್ನ ಕಾನೂನಿನಲ್ಲಿ ಉಡುಪು ಮತ್ತು ಪಾದರಕ್ಷೆಗಳಿಗೆ 2026ರ ಜನವರಿಯ ಗಡುವು ಇಟ್ಟಿತು, ಡೆನ್ಮಾರ್ಕ್ ಅದೇ ವರ್ಷದ ಜುಲೈಯ ಗಡುವು ಇಟ್ಟಿತು.

ಕಾನೂನಿಗೆ ಕಾಯದೆ ಬಿಟ್ಟವರೂ ಇದ್ದಾರೆ. ಎಚ್&ಎಂ 2013ರಲ್ಲಿ, ಐಕಿಯಾ 2016ರ ಹೊತ್ತಿಗೆ ತಮ್ಮ ಬಟ್ಟೆಗಳಲ್ಲಿ ಇದನ್ನು ನಿಲ್ಲಿಸಿದವು. ಅಷ್ಟು ದೊಡ್ಡ ಪ್ರಮಾಣದಲ್ಲಿ ಆಗುವುದಾದರೆ ಆಗುವುದಿಲ್ಲ ಎಂಬ ಮಾತಿಗೆ ಬೆಲೆ ಎಲ್ಲಿದೆ?

ನಾವು ಬಟ್ಟೆ ತಯಾರಿಸುವವರು. ಬದಲಾಯಿಸೋಕೆ ಹೋದಾಗ ಯಾಕೆ ಸೋಲುತ್ತೇವೆ?

ಹಳೆಯ ರಾಸಾಯನಿಕದ ಡ್ರಮ್ ಇಳಿಸಿ ಹೊಸದರ ಡ್ರಮ್ ಇಟ್ಟರೆ ಸಾಕು ಅಂದುಕೊಳ್ಳುವುದರಿಂದ. ಫ್ಲೋರಿನ್ ಫಿನಿಷ್ ನಿಮ್ಮ ತಪ್ಪುಗಳನ್ನು ಮುಚ್ಚುತ್ತಿತ್ತು. ಬಣ್ಣ ಹಾಕಿದ ಮೇಲೆ ಬಟ್ಟೆಯಲ್ಲಿ ಉಳಿದ ಸೋಪು, ಗಂಜಿ, ಮೃದುಕಾರಕ ಇದ್ದರೂ ಹೇಗೋ ನಡೆಯುತ್ತಿತ್ತು. ಮೇಣಕ್ಕೂ ಡೆಂಡ್ರಿಮರ್‌ಗೂ ಆ ತಾಳ್ಮೆ ಇಲ್ಲ. ಬಟ್ಟೆ ಚೆನ್ನಾಗಿ ಜಾಲಾಡಿರಬೇಕು. ಶಾಖವೂ ಅಷ್ಟೇ ಮುಖ್ಯ. ಸಾಮಾನ್ಯವಾಗಿ 150ರಿಂದ 170 ಡಿಗ್ರಿಯಲ್ಲಿ ಪದರ ಗಟ್ಟಿಯಾಗಬೇಕು, ಮತ್ತು ಆ ಶಾಖ ಬಟ್ಟೆಗೆ ತಟ್ಟಿರಬೇಕು. ಯಂತ್ರದ ಪರದೆ ತೋರಿಸುವ ಅಂಕಿಯನ್ನು ನಂಬಿ ಕೂತರೆ ಮೋಸ ಹೋಗುತ್ತೀರಿ.

ಇನ್ನೊಂದು, ಯಂತ್ರದಲ್ಲಿ ಉಳಿದ ಹಳೆಯದು. ಅದೇ ತೊಟ್ಟಿ, ಅದೇ ರೋಲರ್, ಅದೇ ಪೈಪಿನಲ್ಲಿ ಹೊಸದನ್ನು ಓಡಿಸಿದರೆ ಪರೀಕ್ಷೆಯಲ್ಲಿ ಫ್ಲೋರಿನ್ ಸಿಗುತ್ತದೆ. ಸಾಧ್ಯವಾದರೆ ಒಂದು ಯಂತ್ರವನ್ನೇ ಬೇರೆ ಇಡಿ, ಇಲ್ಲದಿದ್ದರೆ ಪೂರ್ತಿ ಬಿಚ್ಚಿ ತೊಳೆಯಿರಿ. ಆ ತೊಳೆದ ನೀರನ್ನು ಚರಂಡಿಗೆ ಬಿಡಬೇಡಿ.

ಪರೀಕ್ಷೆಯನ್ನೂ ಬದಲಾಯಿಸಬೇಕು. ನೀರು ಚಿಮುಕಿಸುವ ಪರೀಕ್ಷೆಯಲ್ಲಿ 45 ಡಿಗ್ರಿ ಓರೆಯಾಗಿ ಹಿಡಿದ ಬಟ್ಟೆ ಮೇಲೆ 250 ಮಿಲಿಲೀಟರ್ ನೀರು ಸುರಿದು ಎಷ್ಟು ಒದ್ದೆಯಾಯಿತು ಎಂದು ನೋಡುತ್ತಾರೆ. ಇದರಲ್ಲಿ ಬದಲಿಗಳು ಚೆನ್ನಾಗಿ ಪಾಸಾಗುತ್ತವೆ. ಎಣ್ಣೆ ತಡೆಯುವ ಪರೀಕ್ಷೆಯಲ್ಲಿ ಮಾತ್ರ ಸೊನ್ನೆ ಬರುತ್ತದೆ. ಮಳೆ ಅಂಗಿಗೂ ಪರದೆಗೂ ಆ ಪರೀಕ್ಷೆ ಯಾಕೆ ಬೇಕು ಅಂತ ನಿಮ್ಮ ಗಿರಾಕಿಯ ಜೊತೆ ಕೂತು ಮಾತಾಡಿ. ಎಷ್ಟೋ ಸಲ ಹಳೆಯ ಆರ್ಡರ್ ಪಟ್ಟಿಯನ್ನು ನಕಲು ಮಾಡಿದ್ದಾರೆ ಅನ್ನುವುದೇ ಉತ್ತರ ಆಗಿರುತ್ತದೆ.

ಎಲ್ಲಾದರೂ ಫ್ಲೋರಿನ್ ಬೇಕೇ ಬೇಕಾ?

ಕೆಲವು ಕಡೆ ಈಗಲೂ ಬಿಡುವುದು ಕಷ್ಟ. ಇಂಧನ, ರಾಸಾಯನಿಕ ಮೈಮೇಲೆ ಚಿಮ್ಮುವ ಕೆಲಸದ ರಕ್ಷಣಾ ಉಡುಪು ಅಂಥದ್ದು. ಅಲ್ಲಿ ಎಣ್ಣೆ ಒಳಗೆ ಇಳಿದರೆ ಜೀವಕ್ಕೇ ಅಪಾಯ. ಅಗ್ನಿಶಾಮಕ ಸಿಬ್ಬಂದಿಯ ಉಡುಪಿನಲ್ಲಿ ಇದನ್ನು ಬಿಡುವ ಪ್ರಯತ್ನ ನಡೆದಿದೆ, ಅದನ್ನು ದಿನವೂ ತೊಡುವವರೇ ಒತ್ತಾಯಿಸುತ್ತಿದ್ದಾರೆ. ಮೇಜಿನ ಹೊದಿಕೆಯನ್ನು ಈ ಸಾಲಿಗೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಲೆ ತಡೆಯುವ ಸ್ಪ್ರೇ ತಂದು ಮನೆಯಲ್ಲೇ ಹೊಡೆಯಬಹುದಾ?

ಬೇಡ. ಅದರಲ್ಲಿ ಫ್ಲೋರಿನ್ ಇಲ್ಲದಿದ್ದರೂ ಬೇಡ. ಬಟ್ಟೆಯ ಮೇಲೆ ನೀರನ್ನು ತಡೆಯುವ ಪದರ ಶ್ವಾಸಕೋಶದ ಒಳಗೂ ಅದೇ ಕೆಲಸ ಮಾಡುತ್ತದೆ. ನುಣ್ಣನೆಯ ತುಂತುರು ಉಸಿರಿನಲ್ಲಿ ಹೋಗಿ ಜನ ಆಸ್ಪತ್ರೆ ಸೇರಿದ ಘಟನೆಗಳು ಹಲವು ದೇಶಗಳಲ್ಲಿ ಆಗಿವೆ. ಜಾಕೆಟ್ಟಿಗೆ ಬೇಕೇ ಬೇಕೆಂದರೆ ಒಗೆಯುವ ನೀರಿಗೆ ಬೆರೆಸುವ, ಅಥವಾ ಕೈಯಿಂದ ಉಜ್ಜುವ ಮೇಣ ತೆಗೆದುಕೊಳ್ಳಿ.

ಹಾಗೆಯೇ, ನೀರು ತಡೆಯುವ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಸೋಪು ಪೂರ್ತಿ ಹೋಗುವ ತನಕ ಜಾಲಾಡಿ. ಲೇಬಲ್ ಒಪ್ಪಿದರೆ ಸಣ್ಣ ಶಾಖದಲ್ಲಿ ಇಸ್ತ್ರಿ ಮಾಡಿ. ಮಲಗಿದ್ದ ಪದರ ಎಷ್ಟೋ ಸಲ ಮತ್ತೆ ಎದ್ದು ನಿಲ್ಲುತ್ತದೆ.

ಕಲೆ ಆಗೇ ಹೋಯ್ತು. ಈಗ?

ಉಜ್ಜಬೇಡಿ. ಬಿಳಿ ಬಟ್ಟೆಯಿಂದ ಮೇಲಿಂದ ಒತ್ತಿ ಹೀರಿಸಿ, ಅಂಚಿನಿಂದ ನಡುವಿಗೆ ಬನ್ನಿ. ಕಾಫಿ ಟೀ ಆದರೆ ತಣ್ಣೀರು, ಆಮೇಲೆ ಸ್ವಲ್ಪ ವಿನೆಗರ್ ಬೆರೆಸಿದ ನೀರು. ರಕ್ತ, ಹಾಲು ಆದರೆ ಬಿಸಿನೀರು ತಾಗಿಸಲೇಬೇಡಿ, ಕಲೆ ಬೆಂದು ಕೂತುಬಿಡುತ್ತದೆ. ಎಣ್ಣೆಯಾದರೆ ಮೆಕ್ಕೆಜೋಳದ ಪಿಷ್ಟದ ಪುಡಿ (ಕಾರ್ನ್‌ಫ್ಲೋರ್) ಉದುರಿಸಿ ಅರ್ಧ ಗಂಟೆ ಬಿಡಿ, ಕೊಡವಿ, ಪಾತ್ರೆ ತೊಳೆಯುವ ಸೋಪು ಒಂದು ತೊಟ್ಟು ಹಾಕಿ ಬೆರಳ ತುದಿಯಲ್ಲಿ ತಟ್ಟಿ. ಮೊದಲ ಐದು ನಿಮಿಷದಲ್ಲಿ ಮಾಡಿದ್ದಕ್ಕೆ ಮರುದಿನ ಮಾಡಿದ್ದು ಸಾಟಿಯಾಗುವುದಿಲ್ಲ.

ಹಳೆಯ ಸೋಫಾ, ಕಾರ್ಪೆಟ್ ಎಸೆದುಬಿಡಬೇಕಾ?

ಗಾಬರಿಯಾಗಿ ಎಸೆಯಬೇಡಿ. ಕಸದ ಗುಂಡಿಗೆ ಹೋದರೆ ಮಳೆ ನೀರಿನ ಜೊತೆ ಅದು ಮತ್ತೆ ನೆಲಕ್ಕೆ ಇಳಿಯುತ್ತದೆ. ತೆರೆದ ಜಾಗದಲ್ಲಿ ಸುಡುವುದಂತೂ ಇನ್ನೂ ಕೆಟ್ಟದ್ದು. ಇವನ್ನು ಪೂರ್ತಿ ಮುರಿಯಲು ಸಾವಿರ ಡಿಗ್ರಿ ಮೀರಿದ ಶಾಖ ಬೇಕು. ಮೊದಲು ಧೂಳು ಕಡಿಮೆ ಮಾಡಿ: ಒದ್ದೆ ಬಟ್ಟೆಯಿಂದ ಒರೆಸಿ, ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್ ಇದ್ದರೆ ಬಳಸಿ, ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸಿ. ಬದಲಾಯಿಸುವ ಕಾಲ ಬಂದಾಗ ಮಕ್ಕಳು ಹೆಚ್ಚು ಹೊತ್ತು ಕಳೆಯುವ ಜಾಗದಿಂದ ಶುರು ಮಾಡಿ.

ನಮ್ಮ ಸೋಫಾ ಈಗಲೂ ಅಲ್ಲೇ ಇದೆ. ಅದರ ಮೇಲೆ ದಪ್ಪ ಹತ್ತಿಯ ಹೊದಿಕೆ ಹೊಲಿಸಿ ಹಾಕಿದ್ದೇವೆ, ಏನೂ ಹಚ್ಚಿಲ್ಲದ್ದು. ಎಡಗಡೆ ಕೈ ಮೇಲೆ ಕಾಫಿಯ ಒಂದು ಉಂಗುರ ಉಳಿದುಕೊಂಡಿದೆ. ವಾರಕ್ಕೊಮ್ಮೆ ಹೊದಿಕೆ ಬಿಚ್ಚಿ ಒಗೆಯುತ್ತೇವೆ.